ಹಿಂದೋಳಕ್ಕೆ ಡಿಸ್ಕೋ ತಾಳ

ಮಕ್ಕಳೇ, ಯುಗಾದಿಗೆ ಚಿಕ್ಕಬಳ್ಳಾಪುರಕ್ಕೆ ಬಂದಿದ್ದ ನನ್ನ ಮೊಮ್ಮಗ ಲ್ಯಾಪ್‌ಟಾಪಿನಲ್ಲಿ ತಾನೇ ಮಾಡಿದ ಸಂಗೀತ ಕೇಳಿಸಿದ. ತಮಟೆ, ಕೊಳಲು, ಮೇಲೆ ಯಂತ್ರದ ಡುಂ ಡುಂ. "ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯೋ ಮನೇಲಿ ಕೂತ ಹಾಗಿದೆಯಪ್ಪಾ" ಎಂದುಬಿಟ್ಟೆ. ಹುಡುಗ ಮಾತಾಡದೆ ಲ್ಯಾಪ್‌ಟಾಪ್ ಮುಚ್ಚಿದ.

ಬೇಸಿಗೆ ರಜಕ್ಕೆ ಬಂದಾಗ ಅವನ ಕಂಕುಳಲ್ಲಿ ಹೊಸದೊಂದು ಗ್ರಾಮಫೋನ್ ತಟ್ಟೆ! ಸ್ನೇಹಿತನ ಪ್ಲೇಯರನ್ನೂ ತಂದಿದ್ದ. ನಮ್ಮ ಬಾಲ್ಯದ ತಟ್ಟೆಗಳು ಅರಗಿನವು. ಬ್ಯಾಂಕಿನಲ್ಲಿ ನಗದು ಚೀಲಕ್ಕೆ ಮುದ್ರೆ ಒತ್ತುತ್ತಿದ್ದೆವಲ್ಲ, ಅದೇ ಜಾತಿ, ಬಿದ್ದರೆ ಚೂರು. ಇದು ವಿನೈಲ್ ಎಂಬ ಪ್ಲಾಸ್ಟಿಕ್. ನಿಮಿಷಕ್ಕೆ ಮೂವತ್ತಮೂರು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗುತ್ತದೆ. ಗೆರೆಯ ಅಂಕುಡೊಂಕಿನಲ್ಲಿ ಸೂಜಿ ಅದುರುತ್ತದೆ. ಆ ಅದುರೇ ನಮಗೆ ಹಾಡು.

ಸೂಜಿ ಇಟ್ಟ. ಮತ್ತೆ ಡುಂ ಡುಂ! ನಾನು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ನಮ್ಮವಳು, "ಇದು ಹಿಂದೋಳ ಅಲ್ವೇನ್ರೀ?" ಎಂದಳು. ಹೌದು! ಹಿಂದೂಸ್ತಾನಿಯವರ ಮಾಲಕೌಂಸ್, ನಮ್ಮ ಹಿಂದೋಳ. ಐದೇ ಸ್ವರ.

ತಟ್ಟೆಯ ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಮುಂಬಯಿಯ ಸಿನಿಮಾ ಸಂಗೀತದಲ್ಲಿ ವಾದ್ಯ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಜಪಾನಿನ ರೋಲ್ಯಾಂಡ್ ಯಂತ್ರಗಳ ಮೇಲೆ ನುಡಿಸಿದ್ದು. ಕೊಂಡವರು ಕಡಿಮೆ, ಜನ ಮರೆತರು. 1987ರಲ್ಲಿ ಅಮೆರಿಕದ ಷಿಕಾಗೋ ಹುಡುಗರು ಅಂಥದೇ ಯಂತ್ರ ಹಿಡಿದು 'ಆಸಿಡ್ ಹೌಸ್' ಎಂಬ ಕುಣಿತದ ಸಂಗೀತದ ತಟ್ಟೆ ತಂದರು, ಲೋಕವೇ ಕುಣಿಯಿತು. 2010ರಲ್ಲಿ ಹಾಲೆಂಡಿನವರು ಸಿಂಗರ ತಟ್ಟೆಯನ್ನು ಮತ್ತೆ ಅಚ್ಚು ಮಾಡಿದಾಗ, "ಐದು ವರ್ಷ ಮೊದಲೇ ಇದನ್ನು ಮಾಡಿದವರು ಯಾರಪ್ಪಾ!" ಎಂದು ಕೇಳಿದವರೆಲ್ಲ ಬೆರಗಾದರು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಅದನ್ನೇ ನುಡಿಸಿದರು. 2015ರಲ್ಲಿ ತೀರಿಕೊಂಡರು.

ಬ್ಯಾಂಕಿನಲ್ಲಿ ಎರಡು ವರ್ಷ ವ್ಯವಹಾರವಿಲ್ಲದ ಖಾತೆಯನ್ನು ನಿಷ್ಕ್ರಿಯ ಎಂದು ಬದಿಗಿಡುತ್ತಾರೆ. ಹಣ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಖಾತೆದಾರ ಬಂದರೆ ಮತ್ತೆ ಜೀವ. ಸಿಂಗರ ಖಾತೆ ಇಪ್ಪತ್ತೆಂಟು ವರ್ಷ ಹಾಗೆ ಮಲಗಿತ್ತು. ನಾನೋ, ಮೊಮ್ಮಗನ ಖಾತೆಯನ್ನು ಎರಡೇ ನಿಮಿಷದಲ್ಲಿ ಮುಚ್ಚಿಬಿಟ್ಟಿದ್ದೆ.

"ನಿನ್ನದು ಇನ್ನೊಂದ್ಸಲ ಹಾಕೋ" ಎಂದೆ. "ನಿಜವಾಗ್ಲೂ ತಾತಾ?" ಎಂದ. ಈ ಸಲ ಕೊನೆಯವರೆಗೂ ಕೇಳಿದೆ. ಪೂರ್ತಿ ಹಿಡಿಸಿತು ಎಂದರೆ ಸುಳ್ಳಾದೀತು. ಆದರೆ ಆ ತಮಟೆ ನಮ್ಮೂರ ಜಾತ್ರೆಯದು. ಹೋದ ವರ್ಷ ನನ್ನ ಜೊತೆ ಬಂದಾಗ ಫೋನಿನಲ್ಲಿ ಹಿಡಿದುಕೊಂಡಿದ್ದನಂತೆ. ಮೊದಲ ಸಲ ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ.