ಎರಡು ಚುಕ್ಕಿಯ ಕಳ್ಳದಾರಿ

ಸ್ವಾತಂತ್ರ್ಯಕ್ಕೆ ಮುಂಚೆ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಪಕ್ಕದ ಶಿರಹಟ್ಟಿ ಸಾಂಗ್ಲಿಯದ್ದು. ಗದಗ, ಮುಂಡರಗಿ ಧಾರವಾಡ ಜಿಲ್ಲೆಯ ಮೂಲಕ ಮುಂಬಯಿಗೆ ಸೇರಿದ್ದವು. ಹೀಗಾಗಿ ‘ಮೇಲಿನ ಕಚೇರಿಗೆ ಹೋಗಿ ಕೇಳ್ರಿ’ ಎಂದು ಲಕ್ಷ್ಮೇಶ್ವರದಲ್ಲಿ ಅಂದರೆ ಮಿರಜ್, ಶಿರಹಟ್ಟಿಯಲ್ಲಿ ಅಂದರೆ ಸಾಂಗ್ಲಿ, ಗದಗದಲ್ಲಿ ಎರಡು ಸಲ ಅಂದರೆ ನೇರ ಮುಂಬಯಿ! ‘ಮೇಲಿನದು’ ಎಂಬುದಕ್ಕೆ ಸ್ವಂತ ವಿಳಾಸವಿಲ್ಲ. ನೀವು ಎಲ್ಲಿ ನಿಂತು ಹೇಳುತ್ತೀರಿ ಎಂಬುದೇ ಅದರ ವಿಳಾಸ.

ಕಂಪ್ಯೂಟರಿನ ಭಾಷೆಯಲ್ಲಿ ಈ ‘ಮೇಲಿನದು’ ಎಂಬ ಮಾತನ್ನು ಎರಡು ಚುಕ್ಕಿ ಇಟ್ಟು ಬರೆಯುತ್ತಾರೆ. ಚುಕ್ಕಿ, ಚುಕ್ಕಿ, ಒಂದು ಓರೆಗೆರೆ. ಈಗಿರುವ ಫೋಲ್ಡರ್ ಬಿಟ್ಟು ಅದರ ಮೇಲಿನದಕ್ಕೆ ಹತ್ತು ಎಂದರ್ಥ. ಕಡತ ಸಾಗಿಸುವ ಸರ್ವರ್ ಒಬ್ಬ ಜವಾನನಿದ್ದಂತೆ. ಹೊರಗಿನವರು ಚೀಟಿ ಕೊಟ್ಟರೆ ಅವರಿಗೆಂದು ಇಟ್ಟ ಕಪಾಟಿನಿಂದ ಕಡತ ತಂದುಕೊಡುವುದಷ್ಟೇ ಅವನ ಕೆಲಸ. ಆದರೆ ಚೀಟಿಯಲ್ಲಿ ‘ಮೇಲಿನ ಕೋಣೆ, ಅದರ ಮೇಲಿನದು, ಅಲ್ಲಿ ಗೂಟಕ್ಕೆ ತೂಗುಹಾಕಿದ ಕೀಲಿಗೊಂಚಲು’ ಎಂದು ಬರೆದಿದ್ದರೆ? ಒಳ್ಳೆಯ ಜವಾನ ಕೊಟ್ಟವನ ಮುಖ ನೋಡುತ್ತಾನೆ. ಸರ್ವರ್ ಹೋಗಿ ಗೊಂಚಲು ತಂದುಕೊಡುತ್ತದೆ. ಇದನ್ನೇ ಡೈರೆಕ್ಟರಿ ಟ್ರಾವರ್ಸಲ್ ಎನ್ನುವುದು. ಬೀಗ ಒಡೆದಿಲ್ಲ, ಗೋಡೆ ಕೊರೆದಿಲ್ಲ. ದಾರಿ ಬರೆದುಕೊಟ್ಟರು, ಯಂತ್ರ ನಡೆಯಿತು, ಅಷ್ಟೇ.

ಎಫ್‌ಟಿಪಿ ಎಂಬ ಈ ಸಾಗಣೆಯ ಪದ್ಧತಿಗೆ ಮೊದಲ ಕರಡು ಬರೆದದ್ದು ನಮ್ಮವರೇ. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋದ ಅಭಯ್ ಭೂಷಣ್, 1971ರ ಏಪ್ರಿಲ್‌ನಲ್ಲಿ. ಆಗ ಜಾಲದಲ್ಲಿದ್ದವರು ಬೆರಳೆಣಿಕೆಯ ವಿಶ್ವವಿದ್ಯಾಲಯ, ಸಂಶೋಧನಾಲಯಗಳು. ಎಲ್ಲರಿಗೂ ಎಲ್ಲರ ಪರಿಚಯ. ಅಂಥ ಓಣಿಯಲ್ಲಿ ಬಾಗಿಲಿಗೆ ಅಗಳಿ ಹಾಕದ್ದು ತಪ್ಪಲ್ಲ. ಓಣಿ ಲೋಕವೇ ಆದಮೇಲೂ ಹಾಕಲಿಲ್ಲ ನೋಡಿ, ತಪ್ಪು ಅಲ್ಲಿದೆ.

ಚುಕ್ಕಿಗಳನ್ನು ತಡೆದರೆ ಆಯಿತಲ್ಲ ಎನ್ನಬಹುದು. ತಡೆದರು. ಆದರೆ 2000ದಲ್ಲಿ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಮೊದಲು ತಪಾಸಣೆ ಮಾಡಿ, ಆಮೇಲೆ ಸಂಕೇತಾಕ್ಷರ ಬಿಡಿಸುತ್ತಿತ್ತು. ಓರೆಗೆರೆ ಬೇರೆ ವೇಷ ತೊಟ್ಟು ಬಂದರೆ ಕಾವಲುಗಾರನಿಗೆ ಗುರುತಿಲ್ಲ; ದೊಡ್ಡಾಟದ ಪಾತ್ರಧಾರಿ ಚೌಕಿಗೆ ಹೋದಂತೆ ಒಳಗೆ ಹೋದಮೇಲೆ ವೇಷ ಕಳಚುತ್ತದೆ. ಮರುವರ್ಷ ನಿಮ್ಡಾ ಎಂಬ ಕಂಪ್ಯೂಟರ್ ಹುಳು ನುಗ್ಗಲು ಬಳಸಿದ ದಾರಿಗಳಲ್ಲಿ ಇದೂ ಒಂದು. 2021ರಲ್ಲಿ ಅಪಾಚೆ ಎಂಬ ವೆಬ್ ಸರ್ವರ್‌ನಲ್ಲೂ ಅದೇ ಕಥೆ, ಈ ಸಲ ವೇಷ ತೊಟ್ಟದ್ದು ಚುಕ್ಕಿ. ಹೊಲಿಗೆ ಹಾಕಿ ಕೊಟ್ಟ ಹೊಸ ಆವೃತ್ತಿಯೂ ಸೋರಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಮತ್ತು ಎಫ್‌ಬಿಐ ಸಾಫ್ಟ್‌ವೇರ್ ಕಂಪನಿಗಳಿಗೆ ಜಂಟಿಯಾಗಿ ಬುದ್ಧಿ ಹೇಳಿದವು: ದುರುಪಯೋಗವಾದದ್ದು ಖಚಿತವಿರುವ ದೋಷಗಳ ಪಟ್ಟಿಯಲ್ಲಿ ಈ ಜಾತಿಯವೇ 55 ಇವೆ, ಇನ್ನಾದರೂ ಮುಗಿಸಿ. ಮುಂದಿನ ತಿಂಗಳೇ ಸೋಲಾರ್‌ವಿಂಡ್ಸ್ ಕಂಪನಿಯ ಸರ್ವ್-ಯು ಎಂಬ ಕಡತ ಸಾಗಣೆ ಸರ್ವರ್‌ನಲ್ಲಿ ಇನ್ನೊಂದು. ಆ ಸರ್ವರ್ ಬಲಕ್ಕೆ ವಾಲಿದ ಗೆರೆ, ಎಡಕ್ಕೆ ವಾಲಿದ ಗೆರೆ ಎರಡರಲ್ಲಿ ತನ್ನ ಯಂತ್ರಕ್ಕೆ ಒಪ್ಪುವ ಒಂದನ್ನಷ್ಟೇ ಹುಡುಕುತ್ತಿತ್ತು. ಹುಡುಕಿ ಮುಗಿದಮೇಲೆ ಉಲ್ಟಾ ಗೆರೆಯನ್ನು ತಾನೇ ಸುಲ್ಟಾ ಮಾಡಿಕೊಳ್ಳುತ್ತಿತ್ತು. ಪಾಸ್‌ವರ್ಡ್ ಬೇಡ, ಲಾಗಿನ್ ಬೇಡ. ಕಳ್ಳನಿಗೆ ಇಷ್ಟು ಸಹಾಯ ಮಾಡುವ ಕಾವಲು ಎಲ್ಲಿ ಸಿಕ್ಕೀತು?

ಇಪ್ಪತ್ತೈದು ವರ್ಷಕ್ಕೂ ಹಳೆಯ ರೋಗ, ಮದ್ದೂ ಅಷ್ಟೇ ಹಳೆಯದು. ವೇಷವೆಲ್ಲ ಕಳಚಿಸಿ, ದಾರಿ ಕೊನೆಗೆ ಮುಟ್ಟುವ ಜಾಗ ಯಾವುದೆಂದು ಮೊದಲು ಕಂಡುಕೊಳ್ಳಬೇಕು. ಅದು ಗೊತ್ತುಮಾಡಿದ ಕಪಾಟಿನೊಳಗೇ ಇದೆಯೇ ಎಂದು ಆಮೇಲೆ ನೋಡಬೇಕು. ಜವಾನನ ಕೈಗೆ ಇಡೀ ಕಚೇರಿಯ ಕೀಲಿ ಕೊಡಬಾರದು. ಇಷ್ಟಾಗಿಯೂ ಪತ್ರಿಕೆಗಳು ‘ಚಾಣಾಕ್ಷ ಹ್ಯಾಕರ್‌ಗಳು’ ಎಂದು ಬರೆಯುವಾಗ ನನಗೆ ಕಸಿವಿಸಿ. ಇದರಲ್ಲಿ ಚಾಣಾಕ್ಷತನ ಎಲ್ಲಿದೆ? ಇದು ತಯಾರಿಸಿದವರ ಉಡಾಫೆ.

ಗದಗ-ಬೆಟಗೇರಿಗೆ ಇದು ದೂರದ ಮಾತಲ್ಲ. ಮುದ್ರಣಕ್ಕೆ ಹೆಸರಾದ ಊರು. ಇಮೇಲ್‌ನಲ್ಲಿ ಹಿಡಿಸದ ಭಾರದ ಕಡತಗಳನ್ನು ತರಿಸಿಕೊಳ್ಳದೆ ಮುದ್ರಣದ ಕೆಲಸ ಸಾಗದು. ಯಾರೋ ಹುಡುಗ ಎಂದೋ ಹಾಕಿಕೊಟ್ಟ ಸರ್ವರ್ ಮೂಲೆಯಲ್ಲಿ ಗುಯ್‌ಗುಡುತ್ತಿದ್ದರೆ, ಅದರ ಆವೃತ್ತಿ ಯಾವುದೆಂದು ಮಾಲೀಕನಿಗೂ ಗೊತ್ತಿರುವುದಿಲ್ಲ. ಇನ್ನು ಸಹಕಾರಿ ಸಂಘಗಳು. 1905ರಲ್ಲಿ ಸಿದ್ದನಗೌಡ ಪಾಟೀಲರು ಇದೇ ತಾಲೂಕಿನ ಕಣಗಿನಹಾಳದಲ್ಲಿ ಸಂಘ ಕಟ್ಟಿದಾಗ ಸಾಲ ಕೇಳಲು ಬಂದವನ ಮನೆತನ, ಹೊಲ, ಬಾವಿ ಎಲ್ಲ ಪಂಚರಿಗೆ ಗೊತ್ತಿತ್ತು. ಇಂದು ಸಂಘಗಳ ಸದಸ್ಯರ ಆಧಾರ್ ಪ್ರತಿ, ಉತಾರ, ಸಹಿಯ ನಮೂನೆ ಕಂಪ್ಯೂಟರಿನಲ್ಲಿವೆ. ಸೋರಿದ್ದು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಿ ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ. ಸೋರಿದ್ದು ಗೊತ್ತಾದರೆ ತಾನೇ ವರದಿ? ಚೀಟಿ ಕೊಟ್ಟವರ ದಾಖಲೆ ಇಡದ ಕಚೇರಿಯಲ್ಲಿ ಆರು ಗಂಟೆಯೂ ಒಂದೇ, ಆರು ವರ್ಷವೂ ಒಂದೇ.

ಕೊಳ್ಳುವವರೂ ಕೇಳುವುದಿಲ್ಲ. ನಾನು ನೋಡಿದ ಟೆಂಡರ್ ಪತ್ರಗಳಲ್ಲಿ ಮೇಜು ಯಾವ ಮರದ್ದು, ಹಲಗೆ ಎಷ್ಟು ದಪ್ಪ ಎಂಬುದೆಲ್ಲ ಇರುತ್ತದೆ. ಸಾಫ್ಟ್‌ವೇರ್ ಸಾಲಿನಲ್ಲಿ ‘ಉತ್ತಮ ಗುಣಮಟ್ಟದ್ದು, ಒಂದು’ ಎಂದಷ್ಟೇ.