ಕೀರ್ದಿಯಲ್ಲಿ ಬರೆಯದ ಖರ್ಚು ಖರ್ಚಲ್ಲ

2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಪೇಟೆಗಳಲ್ಲಿ ನಡೆದುದನ್ನು ಓದುಗರು ಮರೆತಿರಲಾರರು. ಯು.ಪಿ.ಐ. ಮೂಲಕ ಬಂದ ಹಣವನ್ನು ಕೂಡಿ ಲೆಕ್ಕ ಹಾಕಿ, ವಾಣಿಜ್ಯ ತೆರಿಗೆ ಇಲಾಖೆಯವರು ಬೇಕರಿಯವರಿಗೆ, ಬೀಡಾ ಅಂಗಡಿಯವರಿಗೆ, ತರಕಾರಿ ಮಾರುವವರಿಗೆ ಜಿ.ಎಸ್.ಟಿ. ನೋಟೀಸು ಕಳುಹಿಸಿದರು. ಹೆದರಿದ ವ್ಯಾಪಾರಿಗಳು ಕ್ಯೂಆರ್ ಚೀಟಿಯನ್ನು ಕಿತ್ತೆಸೆದು ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದರು. ಗದ್ದಲವೆದ್ದ ಮೇಲೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರವು ಹೇಳಬೇಕಾಯಿತು.

ಗದ್ದಲ ಅಡಗಿತು, ಆದರೆ ಪಾಠ ಉಳಿದಿದೆ. ಅಂಗಡಿಗೆ ಬಂದ ಹಣವೆಲ್ಲ ಅಂಗಡಿಯವನ ಆದಾಯವಲ್ಲ. ಹಾಲು ಮಾರಿ ಬಂದ ನೂರು ರೂಪಾಯಿಯಲ್ಲಿ ತೊಂಬತ್ತಕ್ಕಿಂತ ಹೆಚ್ಚು ಹಾಲು ಕೊಟ್ಟವನಿಗೇ ಹೋಗುತ್ತದೆ. ಇದು ಪೇಟೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಬಲ್ಲದ್ದು ಬೇರೆ, ಕಾಗದದ ಮೇಲೆ ತೋರಿಸುವುದು ಬೇರೆ. ಜಿ.ಎಸ್.ಟಿ.ಯ ಮಾತು ಹಾಗಿರಲಿ. ಆದಾಯ ತೆರಿಗೆಯ ವಿಷಯದಲ್ಲಿಯೂ ಸಣ್ಣ ವ್ಯಾಪಾರಿಯು ಇದೇ ಹಳ್ಳಕ್ಕೆ ಬೀಳುತ್ತಿದ್ದಾನೆ. ಇಂದು ಆ ವಿಷಯವನ್ನೇ ಎತ್ತಿಕೊಳ್ಳುತ್ತೇವೆ. 1961ರ ಹಳೆಯ ಆದಾಯ ತೆರಿಗೆ ಕಾಯಿದೆ ಹೋಗಿ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆ ಜಾರಿಗೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ. ನಾವು ಕೆಳಗೆ ಹೇಳುವ ಮುಖ್ಯ ನಿಯಮಗಳು ಬದಲಾಗಿಲ್ಲ.

ವಜಾ ಎಂಬ ಮಾತು ಕಿವಿಗೆ ಬಿದ್ದರೆ ಮಿಲ್ಲಿನ ಕೆಲಸಗಾರನ ಎದೆ ಝಲ್ಲೆನ್ನುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದೇ ಮಾತಿಗೆ ಬೇರೆ ಅರ್ಥವುಂಟು: ಬಂದುದರಲ್ಲಿ ಖರ್ಚನ್ನು ಕಳೆಯುವುದು. ಅಂಗಡಿಯ ಬಾಡಿಗೆ, ವಿದ್ಯುತ್ ಬಿಲ್ಲು, ಆಳಿನ ಸಂಬಳ, ಹಮಾಲಿ, ಸಾಗಾಣಿಕೆ, ವ್ಯಾಪಾರಕ್ಕೆಂದು ತೆಗೆದ ಬ್ಯಾಂಕ್ ಸಾಲದ ಬಡ್ಡಿ, ಸರಕಿನ ವಿಮೆಯ ಕಂತು, ಲೆಕ್ಕ ಬರೆಯುವವನ ಫೀಜು, ಇವೆಲ್ಲವನ್ನೂ ಕಳೆದ ಮೇಲೆ ಉಳಿದದ್ದು ಮಾತ್ರ ವ್ಯಾಪಾರದ ಆದಾಯ. ಯಂತ್ರಗಳಿಗೆ ಸವಕಳಿಯೂ ಉಂಟು. 60,000 ರೂಪಾಯಿ ಕೊಟ್ಟು ಫ್ರಿಜ್ ಕೊಂಡ ಮಿಠಾಯಿ ಅಂಗಡಿಯವನು ನೂರಕ್ಕೆ 15ರಂತೆ ಮೊದಲನೆಯ ವರ್ಷ 9,000 ರೂಪಾಯಿಯನ್ನು ಕಳೆಯಬಹುದು. ಎರಡನೆಯ ವರ್ಷ ಉಳಿದ 51,000ಕ್ಕೆ 7,650 ರೂಪಾಯಿ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷಕ್ಕೆ ಅರ್ಧ ಮಾತ್ರ.

ಮನೆಯ ಅಕ್ಕಿಬೇಳೆ, ಮಗಳ ಮದುವೆ, ದಂಡದ ಹಣ, ಇವು ವಜಾ ಆಗುವುದಿಲ್ಲ. ಮಾಮೂಲು ಸಹ ವಜಾ ಆಗುವುದಿಲ್ಲ. ಅದಕ್ಕೆ ರಸೀತಿಯನ್ನು ಯಾರೂ ಕೊಡುವುದಿಲ್ಲವೆಂಬುದನ್ನು ಓದುಗರು ಬಲ್ಲರು. ಇನ್ನೊಂದು ಎಚ್ಚರಿಕೆ: ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿಯಾಗಿ ಬಿದ್ದುಹೋಗುತ್ತದೆ. ಲಾರಿ ಬಾಡಿಗೆಗೆ ಈ ಮಿತಿ 35,000. ರೈತನಿಂದಲೇ ಕಾಳುಕಡಿ ಕೊಂಡಾಗ ಈ ನಿರ್ಬಂಧವಿಲ್ಲ.

ಪುಸ್ತಕ ಬರೆಯಲಾರದವನಿಗೆ ಕಾಯಿದೆಯು ಒಂದು ಅಡ್ಡದಾರಿಯನ್ನು ಕೊಟ್ಟಿದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿಯ ಒಳಗಿದ್ದರೆ ನೂರಕ್ಕೆ 8 ರೂಪಾಯಿ ಲಾಭವೆಂದು ಒಪ್ಪಿಕೊಂಡು ಕೈತೊಳೆದುಕೊಳ್ಳಬಹುದು. ಬ್ಯಾಂಕಿನ ಮೂಲಕ ಬಂದ ಹಣಕ್ಕೆ 8ರ ಬದಲು 6. ಬಂದ ಹಣದಲ್ಲಿ ನಗದು ನೂರಕ್ಕೆ 5ನ್ನು ಮೀರದಿದ್ದರೆ ಮಿತಿ 3 ಕೋಟಿ. ಜುಲೈನಲ್ಲಿ ಕ್ಯೂಆರ್ ಚೀಟಿಯನ್ನು ಕಿತ್ತವನು ಈ ಎರಡು ರೂಪಾಯಿಯ ಅನುಕೂಲವನ್ನು ತನ್ನ ಕೈಯಾರೆ ಕಿತ್ತುಹಾಕಿದನೆಂಬುದನ್ನು ಗಮನಿಸಬೇಕು. ಈ ದಾರಿಯಲ್ಲಿ ಹೋದವನಿಗೆ ಬಾಡಿಗೆ, ಸಂಬಳ, ಸವಕಳಿ ಎಂದು ಬೇರೆ ವಜಾ ಕೇಳುವ ಹಕ್ಕಿಲ್ಲ. ಐದು ವರ್ಷದೊಳಗೆ ದಾರಿ ಬಿಟ್ಟರೆ ಮುಂದಿನ ಐದು ವರ್ಷ ಮರಳಿ ಬರುವಂತಿಲ್ಲ. ಲೆಕ್ಕ ಪರಿಶೋಧನೆಯೂ ತಲೆಗೆ ಸುತ್ತಿಕೊಳ್ಳುತ್ತದೆ. ಮಂಡಿಯ ದಲಾಲರಿಗೆ ಈ ದಾರಿ ತೆರೆದೇ ಇಲ್ಲ. ಕಮಿಷನ್ ಆದಾಯದವರು ಪುಸ್ತಕವನ್ನು ಬರೆಯಲೇಬೇಕು.

ಒಬ್ಬನೇ ನಡೆಸುವ ಅಂಗಡಿಗೆ ಅಡ್ಡದಾರಿ ಸಾಕು. ಹೊಸ ತೆರಿಗೆ ಪದ್ಧತಿಯಲ್ಲಿ 2025ರ ಏಪ್ರಿಲ್‌ನಿಂದ 12 ಲಕ್ಷ ರೂಪಾಯಿವರೆಗಿನ ಆದಾಯದವನಿಗೆ ತೆರಿಗೆ ಬೀಳುವುದಿಲ್ಲ. ಒಂದೂವರೆ ಕೋಟಿ ರೂಪಾಯಿ ನಗದು ವಹಿವಾಟಿಗೆ 8ರಂತೆ ಲೆಕ್ಕ ಹಾಕಿದರೂ 12 ಲಕ್ಷವೇ ಆಗುತ್ತದೆ. ಜೀವವಿಮೆಯ ಕಂತು, ಮಕ್ಕಳ ಶಾಲಾ ಫೀಜು ಎಂದು ಒಂದೂವರೆ ಲಕ್ಷದವರೆಗೆ ಕಳೆಯುವ ಸೌಲಭ್ಯವು ಹಳೆಯ ಪದ್ಧತಿಯಲ್ಲಿ ಮಾತ್ರ ಇದೆ. ಸಣ್ಣ ಅಂಗಡಿಯವನಿಗೆ ಅದರ ಆಸೆ ಬೇಕಿಲ್ಲ.

ಪೆಟ್ಟು ಬೀಳುವುದು ಅಣ್ಣತಮ್ಮಂದಿರ ಅಂಗಡಿಯ ಮೇಲೆ. ತಂದೆ ತೀರಿದ ಮೇಲೆ ಇಬ್ಬರು ಮಕ್ಕಳು ಕೂಡಿ ನಡೆಸುವ ಕಿರಾಣಿ, ಬಟ್ಟೆ, ಕಬ್ಬಿಣದ ಅಂಗಡಿಗಳು ನಮ್ಮ ಜಿಲ್ಲೆಯ ಯಾವ ಪೇಟೆಯಲ್ಲಿ ಇಲ್ಲ? ಇಬ್ಬರು ಕೂಡಿದರೆ ಅದು ಪಾಲುದಾರಿಕೆ ಸಂಸ್ಥೆ. ಸಂಸ್ಥೆಗೆ 12 ಲಕ್ಷದ ರಿಯಾಯಿತಿ ಇಲ್ಲ, ಯಾವ ರಿಯಾಯಿತಿಯೂ ಇಲ್ಲ. ಮೊದಲನೆಯ ರೂಪಾಯಿಯಿಂದಲೇ ನೂರಕ್ಕೆ 30, ಅದರ ಮೇಲೆ ನೂರಕ್ಕೆ 4 ಸೆಸ್ಸು.

ಹಲಗೆಯ ಮೇಲೆ ಬರೆದು ಹೇಳುವಂತೆ ಒಂದು ಲೆಕ್ಕ ಮಾಡೋಣ. ಅಣ್ಣತಮ್ಮಂದಿರ ಅಂಗಡಿಯ ವಹಿವಾಟು 1 ಕೋಟಿ, ಎಲ್ಲವೂ ನಗದು. ಅವರಿಗೆ ಬೇರೆ ಆದಾಯವಿಲ್ಲ. ಅಡ್ಡದಾರಿಯಲ್ಲಿ ಲಾಭ 8 ಲಕ್ಷವೆಂದು ಒಪ್ಪಿಕೊಂಡರು. ತೆರಿಗೆ 2,40,000, ಸೆಸ್ಸು 9,600, ಒಟ್ಟು 2,49,600 ರೂಪಾಯಿ. ಅದೇ ಅಂಗಡಿಯು ಅಣ್ಣನೊಬ್ಬನ ಹೆಸರಿನಲ್ಲಿದ್ದರೆ ತೆರಿಗೆ ಸೊನ್ನೆ.

ಅದೇ ಇಬ್ಬರು ಪುಸ್ತಕ ಬರೆದರೆಂದು ತಿಳಿಯೋಣ. ಖರ್ಚೆಲ್ಲ ಕಳೆದ ಮೇಲೆ ಲಾಭ ಅಷ್ಟೇ, 8 ಲಕ್ಷ. ಆದರೆ ದುಡಿಯುವ ಪಾಲುದಾರರಿಗೆ ಸಂಸ್ಥೆಯು ಕೊಡುವ ಸಂಬಳವನ್ನು ವಜಾ ಮಾಡಲು ಕಾಯಿದೆ ಒಪ್ಪುತ್ತದೆ. ಮೊದಲ 6 ಲಕ್ಷಕ್ಕೆ ನೂರಕ್ಕೆ 90ರಂತೆ 5,40,000, ಮಿಕ್ಕ 2 ಲಕ್ಷಕ್ಕೆ ನೂರಕ್ಕೆ 60ರಂತೆ 1,20,000, ಕೂಡಿ 6,60,000. ಸಂಸ್ಥೆಗೆ ಉಳಿಯುವುದು 1,40,000. ಅದರ ಮೇಲೆ ತೆರಿಗೆ, ಸೆಸ್ಸು ಸೇರಿ 43,680 ರೂಪಾಯಿ. ಅಣ್ಣತಮ್ಮಂದಿರ ಪಾಲಿಗೆ ಬಂದ ತಲಾ 3,30,000 ರೂಪಾಯಿಗೆ ತೆರಿಗೆ ಇಲ್ಲ. ಎರಡು ಲೆಕ್ಕಗಳ ನಡುವಿನ ಅಂತರ 2,05,920 ರೂಪಾಯಿ. ಅಂಗಡಿ ಅದೇ, ಬೆವರು ಅದೇ, ಲಾಭ ಅದೇ. ಪುಸ್ತಕ ಬರೆಯದ ತಪ್ಪಿಗೆ ವರ್ಷಕ್ಕೆ ಎರಡು ಲಕ್ಷ!

ಇದಕ್ಕೆ ಎರಡು ಕಾಗದ ಬೇಕು. ಒಂದು, ಪ್ರತಿದಿನ ಬರೆದ ಕೀರ್ದಿ. ಇನ್ನೊಂದು, ಪಾಲುದಾರಿಕೆಯ ಪತ್ರ. ಯಾರಿಗೆ ಎಷ್ಟು ಸಂಬಳ, ಅಥವಾ ಯಾವ ಲೆಕ್ಕದಂತೆ ಸಂಬಳ ಎಂಬುದು ಪತ್ರದಲ್ಲಿ ಇರಲೇಬೇಕು. ಪಾಲುದಾರರ ಬಂಡವಾಳಕ್ಕೆ ನೂರಕ್ಕೆ 12ರವರೆಗೆ ಬಡ್ಡಿಯನ್ನೂ ಬರೆದುಕೊಳ್ಳಬಹುದು. ಪತ್ರ ಬರೆದ ದಿನದಿಂದ ಮುಂದಕ್ಕೆ ಮಾತ್ರ ಇದು ನಡೆಯುತ್ತದೆ, ಹಿಂದಕ್ಕೆ ಇಲ್ಲ. “ನಾವು ಒಡಹುಟ್ಟಿದವರು, ನಮ್ಮ ನಡುವೆ ಪತ್ರವೇಕೆ?” ಎನ್ನುವವರುಂಟು. ತಾಯಿ ಮಕ್ಕಳಾದರೂ ಬಾಯಿ ಬೇರೆ, ಹೊಟ್ಟೆ ಬೇರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನೊಂದು ಮಾತು: 2025ರ ಏಪ್ರಿಲ್‌ನಿಂದ ಪಾಲುದಾರನಿಗೆ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ಸಂಬಳ, ಬಡ್ಡಿ ಕೊಡುವ ಸಂಸ್ಥೆಯು ನೂರಕ್ಕೆ 10ನ್ನು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಪಾಲುದಾರನು ತನ್ನ ವಿವರಣ ಪತ್ರ ಸಲ್ಲಿಸಿ ಅದನ್ನು ಮರಳಿ ಪಡೆಯಬೇಕು. ಈಗಾಗಲೇ ಅಡ್ಡದಾರಿಯಲ್ಲಿರುವವರು ಐದು ವರ್ಷದ ನಿಯಮವನ್ನು ತಿಳಿದವರಲ್ಲಿ ಕೇಳಿಕೊಂಡೇ ಹೆಜ್ಜೆಯಿಡತಕ್ಕದ್ದು.

ವ್ಯಾಪಾರಿಗೆ ಬುದ್ಧಿ ಹೇಳಿ ಸರ್ಕಾರವನ್ನು ಸುಮ್ಮನೆ ಬಿಟ್ಟರೆ ನಮ್ಮ ಕರ್ತವ್ಯ ಅರ್ಧವಾದಂತೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಕಂಪನಿಗಳ ತೆರಿಗೆಯನ್ನು ನೂರಕ್ಕೆ 22ಕ್ಕೆ ಇಳಿಸಿತು. ಮೇಲ್ತೆರಿಗೆ, ಸೆಸ್ಸು ಕೂಡಿ ಸುಮಾರು 25. ಇದರಿಂದ ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ರೂಪಾಯಿಯ ವರಮಾನ ಬಿಡಬೇಕಾಗುವುದೆಂದು ಅಂದು ಸರ್ಕಾರವೇ ಲೆಕ್ಕ ಹೇಳಿತ್ತು. ಸಾವಿರಾರು ಕೋಟಿ ಲಾಭದ ಕಂಪನಿಗೆ 25, ಅಣ್ಣತಮ್ಮಂದಿರ ಕಿರಾಣಿ ಅಂಗಡಿಗೆ 31! ಕಂಪನಿಯು ತನ್ನ ಡೈರೆಕ್ಟರಿಗೆ ಕೊಡುವ ಸಂಬಳಕ್ಕೆ ಆದಾಯ ತೆರಿಗೆ ಕಾಯಿದೆಯಲ್ಲಿ 90, 60 ಎಂಬ ಕೋಷ್ಟಕವೂ ಇಲ್ಲ. ಆನೆ ನಡೆದದ್ದೇ ದಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸಣ್ಣವರ ಪರವಾದ ಒಂದು ನಿಯಮವೂ ಬಂದಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಮಗ್ಗದ ಶೆಡ್ಡಿನವನು, ವರ್ಕ್‌ಶಾಪಿನವನು ದೊಡ್ಡ ಮಿಲ್ಲಿಗೆ ಮಾಲು ಕೊಟ್ಟು ತಿಂಗಳುಗಟ್ಟಲೆ ಅಲೆಯುವುದನ್ನು ಕಂಡಿದ್ದೇವೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. 2023–24ರ ಲೆಕ್ಕದ ವರ್ಷದಿಂದ, ಉದ್ಯಮ್ ನೋಂದಣಿಯುಳ್ಳ ಸಣ್ಣ ತಯಾರಕನಿಗೆ ಕೊಡಬೇಕಾದ ಹಣವನ್ನು ಬರಹದ ಕರಾರಿಲ್ಲದಿದ್ದರೆ 15 ದಿನದೊಳಗೆ, ಕರಾರಿದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡಮಾಡಿದ ಕೊಳ್ಳುವವನು ಆ ಖರ್ಚನ್ನು ಹಣ ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ವಜಾ ಮಾಡಬಹುದು. ಆದ್ದರಿಂದ ಮಾರ್ಚ್ ತಿಂಗಳು ಬಂತೆಂದರೆ ಬಾಕಿದಾರನಿಗೆ ತಾನಾಗಿಯೇ ನೆನಪು ಬರುತ್ತದೆ. ಆದರೆ ಕೊಂಡು ಮಾರುವ ಅಂಗಡಿಯವನಿಗೆ ಈ ರಕ್ಷಣೆ ಇಲ್ಲ. ಉದ್ಯಮ್ ನೋಂದಣಿಯಿಂದ ಅವನಿಗೆ ಸಿಗುವುದು ಬ್ಯಾಂಕ್ ಸಾಲದ ಆದ್ಯತೆಯಷ್ಟೇ.

ಮಿಲ್ಲಿನ ಕಾರ್ಮಿಕ ಬಂಧುಗಳು ಇಷ್ಟು ಓದಿ, “ಇದು ಅಂಗಡಿಯವರ ಗೋಳು, ನಮಗೇನು?” ಎನ್ನಬಹುದು. ನಿಮಗೇ ಇದೆ. ಸಂಬಳ ಕೊಟ್ಟುದನ್ನು ವಜಾ ಮಾಡಬೇಕಾದರೆ ಯಾರಿಗೆ, ಯಾವಾಗ, ಎಷ್ಟು ಎಂಬುದು ಪುಸ್ತಕದಲ್ಲಿರಬೇಕು. ‘ಕೂಲಿ ಬಾಬ್ತು’ ಎಂದು ಒಂದೇ ಸಾಲು ಗೀಚಿದರೆ ಅಧಿಕಾರಿ ಒಪ್ಪುವುದಿಲ್ಲ. ಹೆಸರು ಪುಸ್ತಕಕ್ಕೆ ಬಂದ ದಿನ ಆ ಆಳಿಗೆ ತಾನು ಅಲ್ಲಿ ದುಡಿದೆನೆಂಬ ದಾಖಲೆ ಹುಟ್ಟಿತು. ಮುಂದೆ ಪಿ.ಎಫ್., ಇ.ಎಸ್.ಐ., ಗ್ರಾಚ್ಯುಟಿ ಕೇಳುವಾಗ ಆ ಸಾಲೇ ಅವನ ಸಾಕ್ಷಿ. ಮಾಲಿಕನು ತನ್ನ ಪಾಲಿನ ಪಿ.ಎಫ್. ಹಣವನ್ನು ಬರೆದಿಟ್ಟರೆ ಸಾಲದು, ವಿವರಣ ಪತ್ರ ಸಲ್ಲಿಸುವ ಗಡುವಿನೊಳಗೆ ನಿಜವಾಗಿ ಕಟ್ಟಿದ್ದರೆ ಮಾತ್ರ ಆ ವರ್ಷ ವಜಾ ಸಿಗುವುದು. ಸಣ್ಣ ವ್ಯಾಪಾರಿಯ ಉಳಿತಾಯ ಮತ್ತು ಅವನ ಆಳಿನ ಹಕ್ಕು ಒಂದೇ ಪುಟದ ಎರಡು ಸಾಲುಗಳು. ಒಂದನ್ನು ಬರೆದು ಇನ್ನೊಂದನ್ನು ಮುಚ್ಚಿಡಲು ಬರುವುದಿಲ್ಲ. ಆಳಿನ ಹೆಸರನ್ನು ಮುಚ್ಚಿಟ್ಟು ನಾಲ್ಕು ಕಾಸು ಉಳಿಸಿದೆನೆಂದು ತಿಳಿದ ವ್ಯಾಪಾರಿ ತನ್ನ ಖರ್ಚಿನ ಸಾಕ್ಷಿಯನ್ನೇ ಸುಟ್ಟುಕೊಂಡಿದ್ದಾನೆ.

ಸರ್ಕಾರವು ಮಾಡಬೇಕಾದುದು ಮೂರು. ಸಣ್ಣ ಪಾಲುದಾರಿಕೆ ಸಂಸ್ಥೆಗೂ ಒಂದು ತೆರಿಗೆರಹಿತ ಮಿತಿ ಇರಲಿ, ದರವು ಕಂಪನಿಯ ದರವನ್ನು ಮೀರದಿರಲಿ. ಅಡ್ಡದಾರಿಯಲ್ಲಿ ಹೋದ ಸಂಸ್ಥೆಗೂ ಪಾಲುದಾರರ ಸಂಬಳದ ವಜಾ ಸಿಗಲಿ. ಸಣ್ಣ ಅಂಗಡಿಯವನ ಬಾಕಿಗೂ 45 ದಿನದ ರಕ್ಷಣೆ ಬರಲಿ. ಇವು ದಾನದ ಕೋರಿಕೆಗಳಲ್ಲ. ದೊಡ್ಡವರಿಗೆ ಕೊಟ್ಟುದರ ಒಂದಂಶವನ್ನು ಸಣ್ಣವರಿಗೂ ಕೊಡಿ ಎಂಬ ಲೆಕ್ಕದ ಮಾತು.

ವ್ಯಾಪಾರಿ ಬಂಧುಗಳು ಮಾಡಬೇಕಾದುದು ಒಂದೇ. ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜಿಸುತ್ತೇವೆ. ಪೂಜೆ ಮಾಡಿದ ಪುಸ್ತಕವನ್ನು ಮರುದಿನ ತೆರೆದು ಬರೆಯುವವರು ಎಷ್ಟು ಮಂದಿ? ರಾತ್ರಿ ಬಾಗಿಲು ಹಾಕುವ ಮುನ್ನ ಕಾಲು ಗಂಟೆ ಸಾಕು. ಕೂಡುವುದು, ಕಳೆಯುವುದು ಬಂದವನಿಗೆ ಈ ವಿದ್ಯೆ ಕಷ್ಟವಲ್ಲ. ಬಾರದವರಿಗೆ ಬಂದವರು ಕಲಿಸಿಕೊಡಲಿ. ಬಂದ ಹಣವನ್ನು ಬ್ಯಾಂಕು ಬರೆದಿಟ್ಟಿದೆ, ಇಲಾಖೆಯು ಅದನ್ನು ಓದುತ್ತಿದೆ. ಹೋದ ಹಣವನ್ನು ಬರೆಯುವವರು ನಾವಲ್ಲದೆ ಮತ್ತಾರೂ ಇಲ್ಲ.