ಪ್ರಕೃತಿದೃಶ್ಯಗಳ ಛಾಯಾಗ್ರಹಣವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಪ್ರಕೃತಿದೃಶ್ಯಗಳ ಛಾಯಾಚಿತ್ರಗಳನ್ನು ತೆಗೆಯುವ ಹವ್ಯಾಸದಲ್ಲಿ ತೊಡಗಿರುವುದು ನಮಗೆ ಸಂತೋಷದ ಸಂಗತಿಯಾಗಿದೆ. ಇದನ್ನು ಕಾಲಹರಣವೆಂದೆಣಿಸುವ ತಾಯ್ತಂದೆಯರಿಗೆ ನಾವು ಒಂದೆರಡು ಮಾತು ಹೇಳಬೇಕಾಗಿದೆ.

ಹಂಪೆಯ ಮಾತಂಗ ಪರ್ವತವನ್ನು ಕತ್ತಲಲ್ಲಿಯೇ ಹತ್ತಿ, ಮುಕ್ಕಾಲಿಯ ಮೇಲೆ ಕ್ಯಾಮರಾವನ್ನಿರಿಸಿ ಕಾದು ಕುಳಿತವಳಿಗೆ ಎಷ್ಟೋ ದಿನ ಬೂದುಬಣ್ಣದ ಆಕಾಶವೇ ದೊರೆಯುವುದು. ಆಕೆಯು ಬರಿಗೈಯಲ್ಲಿ ಇಳಿದು ಬರುವಳು. ಮತ್ತೊಂದು ದಿನ ಪುನಃ ಹತ್ತುವಳು. ಸೂರ್ಯನು ಕೆಳಗಿರುವಾಗ ಅವನ ಕಿರಣಗಳು ಹೆಚ್ಚು ವಾಯುವನ್ನು ದಾಟಿ ಬರುವುದರಿಂದ ನೀಲವರ್ಣವು ಚದರಿ ಕೆಂಪು ಉಳಿಯುವುದೆಂದು ನಾವು ತರಗತಿಯಲ್ಲಿ ಕಲಿಸುವೆವಷ್ಟೆ. ಅಚ್ಯುತರಾಯ ದೇವಾಲಯದ ಕಲ್ಲುಗಳ ಮೇಲೆ ಆ ಹೊಂಬೆಳಕು ಕೆಲವೇ ನಿಮಿಷ ನಿಲ್ಲುವಾಗ ಆ ಪಾಠವು ಕಣ್ಣಿಗೇ ಕಾಣುವುದು.

ಅಮೇರಿಕದ ಆನ್ಸೆಲ್ ಆಡಮ್ಸರು 1916ರಲ್ಲಿ, 14 ವರ್ಷದ ಬಾಲಕರಾಗಿದ್ದಾಗ, ಯೊಸೆಮಿಟೀ ಕಣಿವೆಯಲ್ಲಿ ಅವರಿಗೆ ಕೊಡಕ್ ಬ್ರೌನಿ ಕ್ಯಾಮರಾವನ್ನು ಕೊಟ್ಟವರು ತಾಯ್ತಂದೆಯರೇ. ನಮ್ಮಲ್ಲಿಯೋ, ಮಗನು ನಸುಕಿನಲ್ಲಿ ಹೊರಟರೆ ಉತ್ಸಾಹ, ಮಗಳು ಹೊರಟರೆ ಹಟ! ಒಬ್ಬಳೇ ಹೋಗಲೆಂದು ನಾವೂ ಹೇಳೆವು. ಗೆಳತಿಯರೋ ಅಣ್ಣನೋ ಜೊತೆಗಿರಲಿ. ಮುಕ್ಕಾಲಿಯನ್ನು ಹೊತ್ತರೆ ಅಣ್ಣನಿಗೂ ನಷ್ಟವಿಲ್ಲ. ಬರುವ ಕ್ರಿಸ್ಮಸ್ ರಜದಲ್ಲಿ ಒಂದು ಮುಂಜಾವವನ್ನಾದರೂ ಆಕೆಗೆ ಬಿಟ್ಟುಕೊಡಿರಿ.